ಉಂಡ ಹಾಗೇ ಆಯ್ತು

ಬೊಂಡಾಸ್ ಮೀನೂ ಆಲೂಗಡ್ಡೆಯೂ ಒಟ್ಟಿಗೆ ಬೇಯುವ ವಾಸನೆ ಓಣಿಯ ಮೆಟ್ಟಿಲುಗಳನ್ನೆಲ್ಲ ಇಳಿದು ಬಂದರಿನವರೆಗೂ ಹೋಗಿರಬೇಕು. ಹೋಗಲಿ ಎಂದೇ ಚೀವಿತಾ ಪಾತ್ರೆಯ ಮುಚ್ಚಳ ತೆಗೆದಿಟ್ಟಿದ್ದಳು. ಬಾಗಿಲ ಮುಂದಿನ ಜಗಲಿಯಲ್ಲಿ ಮೇಜು, ಮೇಜಿನ ಮೇಲೆ ಮೂರು ತಟ್ಟೆ. ಒಂದು ತನಗೆ, ಒಂದು ಅಮ್ಮನಿಗೆ. ಮೂರನೆಯದು ಯಾರಿಗೆ ಎಂದು ಓಣಿಯಲ್ಲಿ ಯಾರೂ ಕೇಳುತ್ತಿರಲಿಲ್ಲ, ಏಕೆಂದರೆ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವನು ಒಬ್ಬನೇ, ಆ ತಟ್ಟೆ ಯಾರಿಗೆಂದು ಇಟ್ಟಿದ್ದಳೋ ಅವನು.

ಅವನು ಬಂದ. ದ್ವೀಪಕ್ಕೆಲ್ಲ ಕರೆಂಟು ಕೊಡುವ ಡೀಸೆಲ್ ಯಂತ್ರಗಳ ಮೇಸ್ತ್ರಿ ಓಸ್ವಾಲ್ದೊ, ಹೆಗಲಿಗೆ ಉಪಕರಣಗಳ ಚೀಲ, ಕುತ್ತಿಗೆಯ ಮೇಲೆ ಮಸಿಯ ಗೆರೆ. ಜಗಲಿಗೆ ಎರಡು ಮೆಟ್ಟಿಲು ಕೆಳಗೇ ನಿಂತುಕೊಂಡ. ಈಚಿನ ವರ್ಷಗಳಲ್ಲಿ ಅವನು ಜಗಲಿಗೆ ಕಾಲಿಟ್ಟವನೇ ಅಲ್ಲ.

"ಬನ್ನಿ ಮೇಸ್ತ್ರಿ, ಊಟ ಮಾಡಿ," ಎಂದಳು ಚೀವಿತಾ.

"ಉಂಡ ಹಾಗೇ ಆಯ್ತು ಚೀವಿತಾ ಅವರೇ. ನೀವು ಮಾಡಿ."

"ಬೊಂಡಾಸು. ಈಗಷ್ಟೇ ಇಳಿಸಿದ್ದು. ಬನ್ನಿ."

"ವಾಸನೇಲೇ ಹೊಟ್ಟೆ ತುಂಬಿಹೋಯ್ತು. ನಿಜವಾಗ್ಲೂ ಉಂಡ ಹಾಗೇ ಆಯ್ತು."

"ಬನ್ನಿ ಅಂತಿದೀನಲ್ಲ! ತಟ್ಟೆ ಇಟ್ಟಿದೀನಿ, ಕಾಣ್ಸಲ್ವಾ?"

ಅವನು ಟೋಪಿ ತೆಗೆದು ಎದೆಗೆ ಒತ್ತಿಕೊಂಡು, ಇಗರ್ಜಿಯಲ್ಲಿ ಮಾಡುವಂತೆ ತಲೆಬಾಗಿಸಿ, "ನಿಮ್ಮ ಕೈ ತಣ್ಣಗಿರಲಿ" ಎಂದು ಹೇಳಿ ಓಣಿಯ ಮೆಟ್ಟಿಲು ಹತ್ತಿ ತನ್ನ ಮನೆ ಕಡೆ ಹೋಗಿಯೇಬಿಟ್ಟ. ಎದುರು ಮನೆಯ ಕಿಟಕಿಯ ಪಡಿ ಮೆಲ್ಲನೆ ಮುಚ್ಚಿಕೊಂಡಿತು.

"ಈ ಮರ್ಯಾದೆಗೆ ಬೆಂಕಿ ಬೀಳ," ಎಂದಳು ಚೀವಿತಾ.

"ಆ ತಟ್ಟೆ ತೊಳೆದೂ ತೊಳೆದೂ ಸವೀತಾ ಇದೆ ನೋಡು, ಯಾರೂ ಉಣ್ಣದೇನೆ," ಎಂದಳು ಅಮ್ಮ ರೆಸ್ತಿತೂತಾ. ಎಂಬತ್ತು ದಾಟಿದ ಮುದುಕಿ, ಹಲ್ಲು ಹೋಗಿತ್ತು, ನಾಲಿಗೆ ಹೋಗಿರಲಿಲ್ಲ.

ಪೊಂಝಾ ದ್ವೀಪದಲ್ಲಿ ಊಟಕ್ಕೆ ಕೂತವರು ಎದುರಿಗೆ ಯಾರೇ ಹಾದುಹೋಗಲಿ, ಕರೆಯದೆ ತುತ್ತು ಎತ್ತುವುದಿಲ್ಲ. ಅಂಚೆಯವನನ್ನು ಕರೆಯುತ್ತಾರೆ, ಪಾದ್ರಿಯನ್ನು ಕರೆಯುತ್ತಾರೆ, ಆಸ್ತಿ ವ್ಯಾಜ್ಯದಲ್ಲಿ ಕೋರ್ಟಿಗೆ ಎಳೆದ ದಾಯಾದಿಯನ್ನೂ ಹಲ್ಲು ಕಚ್ಚಿಕೊಂಡು ಕರೆಯುತ್ತಾರೆ. ಮೊದಲ ಕರೆ ಮರ್ಯಾದೆಗೆ, ಎರಡನೆಯದು ಪ್ರೀತಿಗೆ, ಮೂರನೆಯದು ಮಾತ್ರ ಊಟಕ್ಕೆ. ಮೊದಲೆರಡಕ್ಕೂ 'ಉಂಡ ಹಾಗೇ ಆಯ್ತು' ಎನ್ನಬೇಕು, ಮೂರನೆಯದಕ್ಕೆ ಕುರ್ಚಿ ಎಳೆದುಕೊಳ್ಳಬೇಕು. ಇದನ್ನು ಇಲ್ಲಿ ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಈಜು ಬಂದ ಹಾಗೆ ಇದೂ ಬರುತ್ತದೆ. ಒಂಟಿ ಹೆಂಗಸು ಒಂಟಿ ಗಂಡಸನ್ನು ಮೂರನೇ ಸಲ ಕರೆದರೆ ಅದು ಬರೀ ಊಟದ ಮಾತಾಗಿ ಉಳಿಯುವುದಿಲ್ಲ ಎಂಬುದೂ ಹಾಗೇ ಬರುತ್ತದೆ. ಗಂಡ ಸತ್ತು ಎಷ್ಟೋ ವರ್ಷ ಕಳೆದ ಚೀವಿತಾ ಈ ಬೇಸಿಗೆಯಲ್ಲಿ ನಾಚಿಕೆ ನುಂಗಿಕೊಂಡು ಮೂರನೇ ಸಲ ಕರೆದಿದ್ದಳು. ನಾಲ್ಕನೇ ಸಲವೂ ಕರೆದಿದ್ದಳು. ಓಣಿಗೆ ಓಣಿಯೇ ಕಿಟಕಿಯ ಹಿಂದೆ ಉಸಿರು ಬಿಗಿಹಿಡಿದು ಕೇಳಿಸಿಕೊಂಡಿತ್ತು. ಆ ಮನುಷ್ಯ ಮಾತ್ರ ಪ್ರತಿ ಸಲವೂ ಟೋಪಿ ತೆಗೆದು ಎದೆಗೊತ್ತಿಕೊಂಡು ಹೋಗುತ್ತಿದ್ದ.

ತಪ್ಪು ಅವನದಲ್ಲ. ಅದೇ ಅವಳ ಸಂಕಟ. ಅವನನ್ನು ಕೆಡಿಸಿದ್ದು ಊರು.

ಹತ್ತು ಹನ್ನೆರಡು ವರ್ಷದ ಹಿಂದೆ, ಓಸ್ವಾಲ್ದೊ ಉತ್ತರದ ಬೆರ್ಗಾಮೊ ಕಡೆಯಿಂದ ಹೊಸದಾಗಿ ಬಂದಿದ್ದ. ಚಳಿಗಾಲ, ಮೂರು ದಿನದಿಂದ ಹಡಗಿಲ್ಲ. ಗಾಳಿಗೆ ಹರಿದ ತಂತಿ ಜೋಡಿಸಲು ಇವರ ಮನೆಗೆ ಬಂದಾಗ ರೆಸ್ತಿತೂತಾ ಒಲೆಯ ಪಕ್ಕ ಕೂತು ಚಿಚೆರ್ಕಿಯಾ ಕಾಳಿನ ಗಂಜಿ ಕುಡಿಯುತ್ತಿದ್ದಳು. ತಲೆಯೆತ್ತದೆ, ನೊಣ ಓಡಿಸುವಷ್ಟೇ ಲಕ್ಷ್ಯದಿಂದ, "ಬಾಪ್ಪಾ, ಊಟ ಮಾಡು" ಎಂದಳು. ಹುಡುಗ, ಆಗ ಅವನು ನಲವತ್ತರ ಹುಡುಗ, "ತುಂಬಾ ಉಪಕಾರ ಆಯ್ತಮ್ಮಾ" ಎಂದು ಕೈ ಒರೆಸಿಕೊಂಡು, ಕುರ್ಚಿ ಎಳೆದುಕೊಂಡು ಕೂತೇಬಿಟ್ಟ. ಒಂದೇ ಕರೆಗೆ! ಮುದುಕಿ ತನ್ನ ಬಟ್ಟಲನ್ನೇ ಅವನ ಮುಂದೆ ಸರಿಸಿದಳು. ಅವನು ಉಂಡ, ಬ್ರೆಡ್ಡಿನಿಂದ ಬಟ್ಟಲು ಒರೆಸಿ ತಿಂದ, ಆಮೇಲೆ ಮಗುವಿನ ಹಾಗೆ ಮುಖವೆತ್ತಿ, "ಇನ್ನೂ ಇದೆಯಾ?" ಎಂದು ಕೇಳಿದ. ಇತ್ತು, ಚೀವಿತಾಳ ಪಾಲಿನದು. ಅದನ್ನೂ ಉಂಡ. ತಾಯಿ ಮಗಳು ಅಂದು ಒಣ ಬ್ರೆಡ್ಡು ಕಡಿದು ಮಲಗಿದರು.

ಮರುದಿನ ಮೀನು ಕೊಳ್ಳುವಾಗ ಚೀವಿತಾ ಈ ಕತೆಯನ್ನು ಗೆಳತಿ ಒಲಿಂಪಿಯಾಳಿಗೆ ಹೇಳಿ ನಕ್ಕಳು. ಒಲಿಂಪಿಯಾಳಿಗೆ ಹೇಳಿದ್ದು ಅವಳ ಗಂಡ ಅನಿಯೆಲ್ಲೊನ ಕಿವಿಗೆ ಬೀಳದೆ ಇರುತ್ತದೆಯೇ? ಅನಿಯೆಲ್ಲೊ ದೋಣಿ ನಡೆಸುವುದು ಹೊಟ್ಟೆಪಾಡಿಗೆ, ಅವನ ನಿಜವಾದ ಕಸುಬು ಜನಕ್ಕೆ ಅಡ್ಡಹೆಸರಿಡುವುದು. ಸಂಜೆಯೊಳಗೆ ಮೇಸ್ತ್ರಿಗೆ 'ಉಂಡವ' ಎಂಬ ಹೆಸರು ಬಿತ್ತು. "ಉಂಡವ ಬಂದ", "ಉಂಡವನ್ನ ಕರೀರಿ, ಕರೆಂಟು ಹೋಗಿದೆ." ಇಲ್ಲಿನ ಮಾತು ಸರಿಯಾಗಿ ತಿಳಿಯದ ಓಸ್ವಾಲ್ದೊ ಅದೇನೋ ಗೌರವದ ಹೆಸರೆಂದುಕೊಂಡು, ಕೂಗಿದಾಗಲೆಲ್ಲ ಕೈಯೆತ್ತುತ್ತಿದ್ದ. ಹೀಗೇ ಕೆಲವು ವರ್ಷ ನಡೆಯಿತು. ಒಂದು ಮದುವೆಯ ಊಟದಲ್ಲಿ, ವೈನು ತಲೆಗೇರಿದ್ದಾಗ, ಅನಿಯೆಲ್ಲೊ ಅವನ ಹೆಗಲ ಮೇಲೆ ಕೈ ಹಾಕಿ ಹೆಸರಿನ ಅರ್ಥವನ್ನೂ ಕತೆಯನ್ನೂ ಬಿಡಿಸಿ ಹೇಳಿದ. ಇಡೀ ಮೇಜು ಮೇಜೇ ನಕ್ಕಿತು. ಚೀವಿತಾಳೂ ನಕ್ಕಳು. ಓಸ್ವಾಲ್ದೊನ ಕಿವಿ, ಕುತ್ತಿಗೆ ಎಲ್ಲ ಕೆಂಪಾಯಿತು. ಕೈಯಲ್ಲಿದ್ದ ಫೋರ್ಕನ್ನು ತಟ್ಟೆಯ ಪಕ್ಕ ಇಟ್ಟ. ಅಂದಿನಿಂದ ಈ ದ್ವೀಪದಲ್ಲಿ ಯಾರ ಮನೆಯಲ್ಲೂ ಅವನು ಒಂದು ತುತ್ತು ಬಾಯಿಗಿಟ್ಟವನಲ್ಲ. ಎಷ್ಟು ಸಲ ಕರೆದರೆ ಎಷ್ಟು ಸಲ ಬೇಡ ಎನ್ನಬೇಕೆಂಬ ಲೆಕ್ಕ ತಪ್ಪುವ ಭಯಕ್ಕೆ, ಎಲ್ಲದಕ್ಕೂ ಒಂದೇ ಉತ್ತರ ಇಟ್ಟುಕೊಂಡುಬಿಟ್ಟ.

ಆ ಕತೆಯನ್ನು ಮೊದಲು ಬಾಯಿಬಿಟ್ಟವಳು ತಾನೇ ಎಂಬುದು ನೆನಪಾದಾಗಲೆಲ್ಲ ಚೀವಿತಾಳಿಗೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು.

ಅವನ ಮೇಲೆ ಅವಳಿಗೆ ಮನಸ್ಸಾದದ್ದು ಯಾವಾಗ ಎಂದರೆ ಅವಳಿಗೂ ಗೊತ್ತಿಲ್ಲ. ಬಾಡಿಗೆ ಮನೆಗಳ ಹಾಸಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವುದು ಅವಳ ಕೆಲಸ. ಆಗಸ್ಟ್ ಬಂತೆಂದರೆ ಊರ ತುಂಬ ಪ್ರವಾಸಿಗಳು, ಕೋಣೆ ಕೋಣೆಗೂ ಏ.ಸಿ., ಮಧ್ಯಾಹ್ನ ಆಯಿತೆಂದರೆ ಕರೆಂಟು ಕೈಕೊಡುತ್ತಿತ್ತು. ಇವಳು ಫೋನು ಮಾಡಿ, "ಮೇಸ್ತ್ರಿ, ಇಸ್ತ್ರಿ ಪೆಟ್ಟಿಗೆ ಹಿಡ್ಕೊಂಡು ದೆವ್ವದ ಹಾಗೆ ಕೂತಿದೀನಿ" ಎಂದರೆ, ಅವನು "ಸ್ವಲ್ಪ ತಡೀರಿ" ಎನ್ನುತ್ತಿದ್ದ. ಊರಿಗೆಲ್ಲ ಇಲ್ಲದಿದ್ದರೂ ಇವರ ಓಣಿಯ ಕರೆಂಟು ಮೊದಲು ಬರುತ್ತಿತ್ತು. ಅದನ್ನು ಅವಳಿಗಿಂತ ಮೊದಲು ಗಮನಿಸಿದ್ದು ಓಣಿಯ ಹೆಂಗಸರು.

ಬೊಂಡಾಸ್ ಊಟದ ಮರುದಿನ ಒಲಿಂಪಿಯಾ ಬಂದು, ಒದ್ದೆ ಬೆಡ್‌ಶೀಟಿನ ಇನ್ನೊಂದು ತುದಿ ಹಿಡಿದು ಹಿಂಡುತ್ತಾ ಸುದ್ದಿ ಹೇಳಿದಳು. "ಮೇಸ್ತ್ರಿಗೆ ಅವರೂರಿಂದ ಕರೆ ಬಂದಿದೆಯಂತೆ ಕಣೇ. ಅಲ್ಲೇ ಹತ್ರ, ಅವರಣ್ಣನ ಮನೆ ಪಕ್ಕದಲ್ಲೇ ಕೆಲಸ. ಮುಂದಿನ ವಾರ ಶನಿವಾರದೊಳಗೆ ಹೂಂ ಇಲ್ಲಾ ಊಹೂಂ ಹೇಳ್ಬೇಕಂತೆ. ಅನಿಯೆಲ್ಲೊ ಹತ್ರ ಹೇಳ್ಕೊಂಡ."

"ಏನಂದ ಅವನು?"

"ನೋಡ್ಬೇಕು, ಅಂದನಂತೆ. ಇಲ್ಲಿ ನನ್ನನ್ನ ಇಟ್ಕೊಳ್ಳೋಕೆ ಏನಿದೆ, ಅಂದನಂತೆ."

ಚೀವಿತಾ ಬೆಡ್‌ಶೀಟನ್ನು ಎಷ್ಟು ಜೋರಾಗಿ ಹಿಂಡಿದಳೆಂದರೆ ಒಲಿಂಪಿಯಾಳ ಕೈಯಿಂದ ತುದಿ ಜಾರಿಹೋಯಿತು.

"ಅವನು ಉಂಡಿದ್ದರೆ ಹೇಳ್ತಿದ್ದೆ," ಎಂದಳು. "ಒಂದೇ ಒಂದು ಸಲ ಬಂದು ಕೂತು ಉಂಡಿದ್ದರೆ, ಕೈಗೆ ನೀರು ಕೊಡುವಾಗ ಹೇಳ್ತಿದ್ದೆ. ಬೀದೀಲಿ ನಿಂತೋನಿಗೆ ಏನು ಅಂತ ಹೇಳ್ಲಿ? ಹೋಗ್ತಾ ಇದ್ದೋನನ್ನ ಅಂಗಿ ಹಿಡಿದು ಎಳೀಲಾ?"

"ಎಳಿ. ನಾನು ಅನಿಯೆಲ್ಲೊನ್ನ ಎಳೆದೇ ತಂದಿದ್ದು."

"ಅದಕ್ಕೇ ಹೀಗಿದ್ದಾನೆ."

ಒಲಿಂಪಿಯಾ ನಕ್ಕಳು, ಆಮೇಲೆ ಗಂಭೀರವಾಗಿ ಒಂದು ಉಪಾಯ ಹೇಳಿದಳು. ಭಾನುವಾರ ಎಲ್ಲರೂ ದೋಣಿಯಲ್ಲಿ ದ್ವೀಪದ ಬೆನ್ನ ಕಡೆಯ ಕೊಲ್ಲಿಗೆ ಹೋಗುವುದು. ಮೇಸ್ತ್ರಿಯನ್ನೂ ಎಂಜಿನಿನ ನೆಪ ಹೇಳಿ ಕರೆದುಕೊಳ್ಳುವುದು. ದೋಣಿಯಲ್ಲಿ ಮನೆಯಿಲ್ಲ, ಹೊಸ್ತಿಲಿಲ್ಲ, ಯಾರು ಯಾರ ಅತಿಥಿಯೂ ಅಲ್ಲ. ಈಜಿ ಬಂದವನಿಗೆ ಹಸಿವಾಗದೆ ಏನು? ಎಲ್ಲರ ಕೈಯೂ ಒಂದೇ ಪಾತ್ರೆಗೆ ಹೋಗುವಾಗ ಅವನ ಕೈಯೂ ತಾನಾಗಿ ಹೋಗುತ್ತದೆ.

ಚೀವಿತಾ ಶನಿವಾರವೆಲ್ಲ ಅಡುಗೆಮನೆಯಲ್ಲೇ ಬೆವರಿದಳು. ಬದನೆಕಾಯಿ ಕರಿದು ಟೊಮೇಟೊ, ಚೀಸಿನ ಜೊತೆ ಪದರ ಪದರವಾಗಿ ಜೋಡಿಸಿದಳು. ದೊಣ್ಣೆಮೆಣಸಿನಕಾಯಿಗೆ ಬ್ರೆಡ್ಡಿನ ಪುಡಿ, ಆಲಿವು, ಉಪ್ಪುಮೀನು ತುಂಬಿದಳು. ಅಮ್ಮ ಕೂತಲ್ಲಿಂದಲೇ ಉಪ್ಪು ನೋಡಿ, "ಇದನ್ನೂ ಬೇಡ ಅಂದ್ರೆ ಅವನಿಗೆ ನಾಲಿಗೆ ಇಲ್ಲ ಅಂತ ಅರ್ಥ" ಎಂದಳು.

ಭಾನುವಾರ ಸಮುದ್ರ ಎಣ್ಣೆಯ ಹಾಗೆ ನಿಂತಿತ್ತು. ಕಲ್ಲಂಗಡಿಯನ್ನು ಬಲೆಯಲ್ಲಿ ಕಟ್ಟಿ ತಣ್ಣಗಾಗಲೆಂದು ದೋಣಿಯ ಪಕ್ಕ ನೀರಿಗೆ ಇಳಿಬಿಟ್ಟಿದ್ದರು. ಎಲ್ಲರೂ ಈಜಿ, ಉಪ್ಪುನೀರು ಸುರಿಸುತ್ತಾ ಹತ್ತಿ ಬಂದು, ಹಲಗೆಯ ಸುತ್ತ ಕೂತರು. ಚೀವಿತಾ ಪಾತ್ರೆಗಳಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಮುಚ್ಚಳ ತೆರೆದಳು. ಅನಿಯೆಲ್ಲೊ ಕಣ್ಣುಮುಚ್ಚಿ ವಾಸನೆ ಎಳೆದುಕೊಂಡು, "ಇದನ್ನ ತಿಂದೋನು ಸಾಯ್ಬೇಕು, ಬದುಕಿದ್ದು ಇನ್ನೇನು ಪ್ರಯೋಜನ" ಎಂದ.

ಓಸ್ವಾಲ್ದೊ ತನ್ನ ಚೀಲದಿಂದ ಒಂದು ಕಾಗದದ ಪೊಟ್ಟಣ ತೆಗೆದ. ಒಳಗೆ ಎರಡು ಬ್ರೆಡ್ಡು, ನಡುವೆ ಅಂಗಡಿಯಲ್ಲಿ ಕೊಯ್ದುಕೊಟ್ಟ ಹಂದಿಮಾಂಸದ ತೆಳು ಹೋಳು.

"ಅದೇನ್ರೀ ಅದು?" ಎಂದಳು ಚೀವಿತಾ.

"ನಾನು ತಂದ್ಕೊಂಡಿದೀನಿ."

"ಇಷ್ಟೊಂದು ಮಾಡಿರೋದು ಯಾರಿಗೆ? ತಗೊಳ್ಳಿ, ಈ ಮೆಣಸಿನಕಾಯಿ ತಗೊಳ್ಳಿ."

"ತಿಂದ ಹಾಗೇ ಆಯ್ತು."

"ಒಂದು."

"ನಿಮ್ಮ ಪ್ರೀತಿ ದೊಡ್ಡದು. ತಿಂದ ಹಾಗೇ ಆಯ್ತು."

"ಅರ್ಧ!"

"ಬಿಡು ಚೀವಿತಾ," ಎಂದ ಅನಿಯೆಲ್ಲೊ, ಬಾಯಿತುಂಬ ಬದನೆಕಾಯಿ ಇಟ್ಟುಕೊಂಡು. "ಉಂಡವ ಆವತ್ತು ನಿಮ್ಮನೇಲಿ ಉಂಡಿದ್ದು ಇನ್ನೂ ಅರಗಿಲ್ಲ."

ಒಲಿಂಪಿಯಾ ಅವನ ತೊಡೆಗೆ ಚಿವುಟಿದಳು, ಆದರೆ ಮಾತು ಆಗಲೇ ಹೊರಬಿದ್ದಿತ್ತು. ಓಸ್ವಾಲ್ದೊ ನಗಲು ನೋಡಿದ. ನಗುವಿನ ಅರ್ಧದಲ್ಲೇ ಅವನ ಕುತ್ತಿಗೆ ಹಳೆಯ ಹಾಗೆ ಕೆಂಪೇರಿತು. ಅದನ್ನು ಕಂಡು ಚೀವಿತಾಳ ಪಿತ್ತ ನೆತ್ತಿಗೇರಿತು. ಯಾರ ಮೇಲೆ ಎಂದು ಅವಳಿಗೇ ತಿಳಿಯಲಿಲ್ಲ. ಅನಿಯೆಲ್ಲೊ ಮೇಲೆ ಇರಬೇಕಿತ್ತು. ಆದರೆ ಕೈ ಚಾಚಿ ಅವಳು ಕಿತ್ತುಕೊಂಡದ್ದು ಓಸ್ವಾಲ್ದೊನ ಕೈಯಲ್ಲಿದ್ದ ಬ್ರೆಡ್ಡನ್ನು. ಕಿತ್ತುಕೊಂಡವಳೇ ಬೀಸಿ ಸಮುದ್ರಕ್ಕೆ ಎಸೆದಳು. ಎಲ್ಲಿಂದಲೋ ಎರಡು ಕಡಲಹಕ್ಕಿ ಬಂದು ಕಚ್ಚಾಡತೊಡಗಿದವು.

"ಈಗ ಉಣ್ಣಿ," ಎಂದಳು.

ಓಸ್ವಾಲ್ದೊ ತನ್ನ ಖಾಲಿ ಕೈಯನ್ನು ನೋಡಿಕೊಂಡ. ಆಮೇಲೆ, ಬಹಳ ಮೆತ್ತಗೆ, "ನನಗೆ ಅಷ್ಟು ಹಸಿವೂ ಇರಲಿಲ್ಲ" ಎಂದು ಹೇಳಿ, ಅಂಗಿ ಬಿಚ್ಚಿಟ್ಟು ಮತ್ತೆ ನೀರಿಗೆ ಹಾರಿದ. ಬಂಡೆಗಳವರೆಗೆ ಈಜಿಕೊಂಡು ಹೋಗಿ, ಅಲ್ಲಿ ಬೆನ್ನು ಹಾಕಿ ಕೂತ. ಇವರು ಉಂಡರು. ಉಂಡರು ಎಂದರೆ, ಅನಿಯೆಲ್ಲೊ ಉಂಡ. ಕಲ್ಲಂಗಡಿ ಒಡೆಯುವ ಹೊತ್ತಿಗೆ ಓಸ್ವಾಲ್ದೊನ ಅಂಗಿಯ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಊರಲ್ಲಿ ಕರೆಂಟು ಹೋಗಿತ್ತು. ಹಣ್ಣನ್ನು ಅರ್ಧಕ್ಕೇ ಬಿಟ್ಟು, ಅವನನ್ನು ಬಂಡೆಯಿಂದ ಹತ್ತಿಸಿಕೊಂಡು, ಎಲ್ಲರೂ ಮುಖ ಊದಿಸಿಕೊಂಡು ಬಂದರಿಗೆ ಮರಳಿದರು. ದಾರಿಯಲ್ಲಿ ಅವನು ಎಂಜಿನಿನ ಸದ್ದನ್ನೇ ಕೇಳಿಸಿಕೊಳ್ಳುತ್ತಿದ್ದ, ಅಥವಾ ಹಾಗೆ ನಟಿಸುತ್ತಿದ್ದ.

ಆಮೇಲೆ ಅವನು ಓಣಿಯ ದಾರಿಯನ್ನೇ ಬಿಟ್ಟ. ಹಿಂದಿನ ಕಡಿದಾದ, ಆದರೆ ನೇರವಾದ ದಾರಿ ಹಿಡಿದು ಮನೆಗೆ ಹೋಗತೊಡಗಿದ. ಸೋಮವಾರ ಮೇಜಿನ ಮುಂದೆ ಯಾರೂ ನಿಲ್ಲಲಿಲ್ಲ, ಮಂಗಳವಾರವೂ ಇಲ್ಲ. ಆದರೂ ಚೀವಿತಾ ಮೂರು ತಟ್ಟೆ ಇಟ್ಟಳು. ಬುಧವಾರ ಇಸ್ತ್ರಿ ಮಾಡುತ್ತಾ ಒಂದು ದಿಂಬಿನ ಚೀಲ ಸುಟ್ಟಳು. ಗುರುವಾರ ಫೋನು ಮಾಡಿ ಕ್ಷಮೆ ಕೇಳೋಣವೆಂದುಕೊಂಡಳು, ಆದರೆ ಆ ದಿನ ಕರೆಂಟು ಹೋಗಲೇ ಇಲ್ಲ. ಕರೆಂಟು ಇದ್ದಾಗ ಯಾವ ನೆಪದಲ್ಲಿ ಫೋನು ಮಾಡುವುದು?

"ಮೂರು ಸಲ ಅಲ್ಲ, ಮೂವತ್ತು ಸಲ ಕರೆದೆ," ಎಂದು ಶುಕ್ರವಾರ ಬೆಳಗ್ಗೆ ಅಮ್ಮನ ಮೇಲೆ ಹರಿಹಾಯ್ದಳು. "ನಾನಿನ್ನೇನು ಮಾಡ್ಬೇಕಿತ್ತು? ಕೈ ಹಿಡಿದು ಬಾಯಿಗೆ ತುರುಕಬೇಕಿತ್ತಾ?"

ರೆಸ್ತಿತೂತಾ ಅಂಜೂರದ ಸಿಪ್ಪೆ ಸುಲಿಯುತ್ತಿದ್ದಳು. "ಈ ದ್ವೀಪದಲ್ಲಿ ನನ್ನ ಜನ್ಮಕ್ಕೆ ಎಷ್ಟು ಜನರನ್ನ ಊಟಕ್ಕೆ ಕರೆದಿದ್ದೀನೋ. ಕರೆದ ತಕ್ಷಣ ಬಂದು ಉಂಡೋನು ಅವನೊಬ್ಬನೇ ಕಣೇ. ಎಷ್ಟು ಸಂತೋಷ ಆಗಿತ್ತು ಗೊತ್ತಾ ನಂಗೆ? ಅವನು 'ಇನ್ನೂ ಇದೆಯಾ' ಅಂದಾಗ ನಿಮ್ಮಪ್ಪ ತಿರುಗಿ ಬಂದು ಕೂತ ಹಾಗಾಯ್ತು."

"ಅದನ್ನ ಅವನಿಗೆ ಯಾಕಮ್ಮ ಹೇಳ್ಲಿಲ್ಲ ನೀನು? ಇಷ್ಟು ವರ್ಷ!"

"ನನ್ನನ್ನ ಯಾರು ಕೇಳಿದ್ರು? ನೀವೆಲ್ಲ ನಗೋದ್ರಲ್ಲೇ ಇದ್ರಿ." ಮುದುಕಿ ಅಂಜೂರ ಬಾಯಿಗೆ ಹಾಕಿಕೊಂಡಳು. "ಅವನು ಬರಲ್ಲ ಅಂದ್ರೆ ನೀನು ಹೋಗು. ಅವನು ಉಣ್ಣೋ ಹೊತ್ತಿಗೆ ಹೋಗು. ಕರೀದೆ ಏನು ಮಾಡ್ತಾನೆ? ಕರೆದ ತಕ್ಷಣ ಕೂತ್ಕೊ. ಅಷ್ಟೇ. ಆಮೇಲೆ ಹೇಳೋದು ಹೇಳು."

ಉಣ್ಣುವ ಹೊತ್ತಿಗೆ ಬೇರೆಯವರ ಬಾಗಿಲಿಗೆ ಹೋಗುವುದೆಂದರೆ ಇಲ್ಲಿ ಭಿಕ್ಷೆಗೆ ಹೋದ ಹಾಗೆ. ಚೀವಿತಾ ಐವತ್ತು ವರ್ಷದಲ್ಲಿ ಒಮ್ಮೆಯೂ ಆ ಕೆಲಸ ಮಾಡಿರಲಿಲ್ಲ. ಆದರೆ ನಾಳೆ ಶನಿವಾರ. ಬಿಸಿಲು ಇಳಿದ ಮೇಲೆ ಮುಖ ತೊಳೆದು, ಮದುವೆ ಹಬ್ಬಗಳಿಗೆ ಉಡುವ ನೀಲಿ ಲಂಗ ಉಟ್ಟು, ಕೈಯಲ್ಲಿ ಏನೂ ಹಿಡಿಯದೆ ಮೆಟ್ಟಿಲು ಹತ್ತಿದಳು. ಮನಸ್ಸಿನಲ್ಲಿ ಒಂದೇ ಮಾತು: ಕರೆದ ತಕ್ಷಣ ಕೂತ್ಕೊ, ಕರೆದ ತಕ್ಷಣ ಕೂತ್ಕೊ. ಕಿಟಕಿಗಳು ಅವಳ ಹಿಂದೆ ಒಂದೊಂದಾಗಿ ತೆರೆದುಕೊಂಡವು. ತೆರೆದುಕೊಳ್ಳಲಿ ಎಂದುಕೊಂಡಳು.

ಓಸ್ವಾಲ್ದೊ ಮನೆಯ ಮುಂದಿನ ಅಂಗಳದಲ್ಲಿ, ಗೋಡೆಗೆ ತಾಗಿಸಿದ ಸಣ್ಣ ಮೇಜಿಗೆ ಕೂತು ಉಣ್ಣುತ್ತಿದ್ದ. ಬೆಣ್ಣೆ ಕಲಸಿದ ಬಿಳಿ ಅನ್ನ, ಅವರ ಕಡೆಯ ಊಟ. ಅವಳನ್ನು ಕಂಡು ಬಾಯಿ ಒರೆಸಿಕೊಂಡು ಎದ್ದು ನಿಂತ. ಎದುರಿನ ಖಾಲಿ ಕುರ್ಚಿಯನ್ನು ಎರಡೂ ಕೈಯಿಂದ ಸರಿಸಿದ.

"ಬನ್ನಿ ಚೀವಿತಾ ಅವರೇ, ಊಟ ಮಾಡಿ."

"ಉಂಡ ಹಾಗೇ ಆಯ್ತು," ಎಂದಳು ಚೀವಿತಾ.

ಮಾತು ತನ್ನ ಬಾಯಿಂದಲೇ ಬಂತೇ ಎಂದು ಅವಳಿಗೇ ನಂಬಲಾಗಲಿಲ್ಲ. ಬಂತು. ಮನಸ್ಸು ಕೂತ್ಕೊ ಎನ್ನುತ್ತಿತ್ತು, ನಾಲಿಗೆ ಮಾತ್ರ ತೊಟ್ಟಿಲಿನಿಂದ ಕಲಿತದ್ದನ್ನು ಹೇಳಿ ಮುಗಿಸಿತ್ತು. ಸಿಟ್ಟಿನಿಂದ ಅವಳ ಕಣ್ಣಲ್ಲಿ ನೀರೇ ಬಂತು. ಇರಲಿ, ಇನ್ನೊಂದು ಕರೆ ಇದೆಯಲ್ಲ.

"ಬರೀ ಬೆಣ್ಣೆ ಅನ್ನ, ನಿಮ್ಮ ಅಡುಗೆ ಹಾಗಲ್ಲ," ಎಂದ ಅವನು. "ಆದ್ರೂ ಬನ್ನಿ."

"ಅಯ್ಯೋ, ನೀವು ಮಾಡಿ, ನೀವು ಮಾಡಿ." ಇದೂ ಅದೇ ನಾಲಿಗೆ. ಎರಡನೆಯದಕ್ಕೆ ಒಪ್ಪಿಕೊಳ್ಳುವುದಾದರೂ ಹೇಗೆ? ಅವಳು ಮೂರನೆಯದಕ್ಕಾಗಿ ಕಾದಳು. ಒಂದು ಕಾಲನ್ನು ಮುಂದಿಟ್ಟೂ ಆಗಿತ್ತು.

ಓಸ್ವಾಲ್ದೊ ಅವಳ ಮುಖ ನೋಡಿದ, ಖಾಲಿ ಕುರ್ಚಿಯನ್ನು ನೋಡಿದ. ಎರಡು ಸಲ ಬೇಡ ಎಂದ ಹೆಂಗಸನ್ನು ಮತ್ತೆ ಬಲವಂತ ಮಾಡುವುದು ಸಭ್ಯರ ಲಕ್ಷಣವಲ್ಲ ಎಂದುಕೊಂಡನೋ ಏನೋ. ಕುರ್ಚಿಯನ್ನು ಮೆಲ್ಲನೆ ಮೇಜಿನ ಕೆಳಗೆ ಸರಿಸಿ ತಾನು ಕೂತ. ಅವಳು ನಿಂತೇ ಇದ್ದಳು. ಅವನು ತಲೆ ತಗ್ಗಿಸಿ, ಉಳಿದಿದ್ದ ಅನ್ನವನ್ನು ಬೇಗ ಬೇಗ ತಿಂದು ಮುಗಿಸಿದ.

"ಬೋಟಲ್ಲಿ ನಿಮ್ಮ ಬ್ರೆಡ್ ಎಸೆದೆ," ಎಂದಳು ಚೀವಿತಾ ಕೊನೆಗೆ. "ಅದಕ್ಕೆ ಬಂದೆ."

"ಅದೇನು ದೊಡ್ಡದಲ್ಲ ಬಿಡಿ. ಒಣಗಿತ್ತು."

"ನಾಳೆ ಅವರಿಗೆ ಹೇಳ್ಬೇಕಂತಲ್ಲ."

"ನಾಳೆವರೆಗೆ ಯಾಕೆ ಅಂತ ಇವತ್ತೇ ಹೇಳ್ಬಿಟ್ಟೆ, ಬೆಳಗ್ಗೆ. ಹೂಂ ಅಂದೆ." ಅವನು ತಟ್ಟೆಯನ್ನು ಆಚೆ ಸರಿಸಿದ. "ಅವರು ಒಂದೇ ಸಲ ಕೇಳಿದ್ರು, ನಾನು ಒಂದೇ ಸಲ ಹೂಂ ಅಂದೆ. ಎಷ್ಟು ಸುಲಭವಾಗಿತ್ತು ಗೊತ್ತಾ? ಫೋನಿಟ್ಟ ಮೇಲೂ ಇನ್ನೂ ಏನೋ ಹೇಳೋದಿದೆ ಅನ್ನಿಸ್ತಾ ಇತ್ತು."

ಚೀವಿತಾ ಕೂರಬಹುದಿತ್ತು, ಕುರ್ಚಿ ಕೈಗೆಟಕುವಷ್ಟೇ ದೂರದಲ್ಲಿತ್ತು.

"ಹೋಗ್ಬೇಡಿ," ಎಂದಳು.

ಓಸ್ವಾಲ್ದೊ ಎದ್ದು ನಿಂತು, ತಲೆಯ ಮೇಲೆ ಟೋಪಿಯಿಲ್ಲದಿದ್ದರೂ ಕೈಯನ್ನು ಎದೆಗೊತ್ತಿಕೊಂಡ. "ನಿಮ್ಮ ಪ್ರೀತಿ ದೊಡ್ಡದು ಚೀವಿತಾ ಅವರೇ. ಉಳಿದ ಹಾಗೇ ಆಯ್ತು."

"ಹೋಗ್ಬೇಡಿ ಅಂತಿದೀನಿ."

"ನಿಜವಾಗ್ಲೂ. ನೀವು ಅಂದಿದ್ದೇ ಸಾಕು, ಉಳಿದ ಹಾಗೇ—"

"ಹೋಗ್ಬೇಡ್ರೀ!" ಎಂದು ಚೀವಿತಾ ಕಿರುಚಿದಳು. ಕೆಳಗೆ ಓಣಿಯಲ್ಲಿ ಯಾರದೋ ಪಾತ್ರೆ ಕೈಜಾರಿ ಬಿದ್ದ ಸದ್ದಾಯಿತು. ಮೇಸ್ತ್ರಿಯ ಕೈ ಎದೆಯ ಮೇಲೇ ಉಳಿಯಿತು. ನಿಧಾನಕ್ಕೆ ಅವನ ಮುಖದ ಮೇಲಿನ ಮರ್ಯಾದೆಯೆಲ್ಲ ಇಳಿದುಹೋಗಿ, ಒಬ್ಬ ದಣಿದ ಮನುಷ್ಯನ ಮುಖ ಕಾಣಿಸಿತು.

"ನೀವುಗಳು ಎಷ್ಟನೇ ಸಲಕ್ಕೆ ನಿಜ ಹೇಳ್ತೀರಿ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ," ಎಂದ. ಅವನ ದನಿ ನಡುಗುತ್ತಿತ್ತು. ಅದು ಸಿಟ್ಟು ಎಂದು ಚೀವಿತಾಳಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು, ಅವನಿಗೆ ಸಿಟ್ಟು ಬಂದದ್ದನ್ನು ಅವಳು ನೋಡಿರಲೇ ಇಲ್ಲ. "ಒಂದು ಸಲಕ್ಕೆ ಉಂಡೆ, ಊರೆಲ್ಲ ನಕ್ಕಿತು. ನೀವೂ ನಕ್ಕಿರಿ. ಆಮೇಲೆ ಉಣ್ಣಲೇ ಇಲ್ಲ, ಅದಕ್ಕೂ ಸಿಟ್ಟು ಮಾಡಿದ್ರಿ. ಈಗ ಬಂದು ಹೋಗ್ಬೇಡಿ ಅಂತೀರಿ. ಇದನ್ನ ನಿನ್ನೆ ಹೇಳೋಕೇನಾಗಿತ್ತು ನಿಮಗೆ? ಮೊನ್ನೆ? ಈ ಬೇಸಿಗೆಯೆಲ್ಲ ನಿಮ್ಮ ಜಗಲಿ ಮುಂದೇನೇ ಓಡಾಡಿದೆ, ನೇರ ದಾರಿ ಬಿಟ್ಟು!"

"ಹೇಳ್ತಾನೇ ಇದ್ನಲ್ರೀ," ಎಂದಳು ಚೀವಿತಾ. "ದಿನಾ ಸಂಜೆ ಊಟಕ್ಕೆ ಬನ್ನಿ ಅಂತ ಕೂಗ್ತಿದ್ನಲ್ಲ, ಅದು ಮತ್ತೇನು ಅಂದ್ಕೊಂಡಿದ್ರಿ ನೀವು?"